ಮತ್ತೆ ನಿಲ್ಲದವರ ಪಟ್ಟಿಯಲ್ಲಿ ನಾಲ್ಕನೆಯವರು

ಹೋದ ತಿಂಗಳು ನಮ್ಮ ಬೀದಿಯ ಕೊನೆಯ ಮನೆಯ ಹುಡುಗಿಗೆ ಪತ್ರಿಕೆಯೊಂದರಲ್ಲಿ ಕೆಲಸ ಸಿಕ್ಕಿತು. ಸಿಹಿ ಕೊಡಲು ಬಂದವಳು ಬಾಗಿಲಲ್ಲೇ ನಿಂತು, “ತಾತಾ, ಆಗ ಸೆಲ್‌ಫೋನಿಲ್ಲ, ಕಂಪ್ಯೂಟರಿಲ್ಲ. ಎಲೆಕ್ಷನ್ ಟೈಮಲ್ಲಿ ಯಾರು ನಿಲ್ಲಲ್ಲ ಅಂತ ನೀವು ಅದೆಂಗೆ ಮುಂಚೇನೇ ಕರೆಕ್ಟಾಗಿ ಏಳ್ತಿದ್ರಿ?” ಎಂದು ಕೇಳಿದಳು. “ಬಸ್ಸಿತ್ತು, ಕಾಲಿತ್ತು, ಕೇಳೋಕೆ ಬಾಯಿತ್ತು ಕಣವ್ವ” ಎಂದೆ. ನಕ್ಕು ಹೋದಳು. ಅವಳು ಹೋದ ಮೇಲೆ ಸಿಹಿ ಬಾಯಲ್ಲೇ ಉಳಿಯಿತು. ಬಾಯೇನೋ ಇತ್ತು. ಆದರೆ ಅದು ನಿಜವಾಗಿ ಬೇಕಾಗಿದ್ದ ಒಂದೇ ಒಂದು ಸಲ ನಾನು ಅದನ್ನು ತೆರೆಯಲಿಲ್ಲ. ಆ ಕಥೆ ಆ ಹುಡುಗಿಗೆ ಗೊತ್ತಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಅವಳಿಗೆ ಕನ್ನಡ ಓದಲು ಬಾರದು, ಅವರಮ್ಮ ಓದಿ ಹೇಳುತ್ತಾಳೆ.

ನಾನು ಸೇಲಂನಲ್ಲಿ ಒಂದು ತಮಿಳು ದಿನಪತ್ರಿಕೆಯ ವರದಿಗಾರನಾಗಿದ್ದೆ. ಸೇಲಂ, ಧರ್ಮಪುರಿ ಎರಡೂ ಜಿಲ್ಲೆ ನನ್ನ ತಲೆಯ ಮೇಲೆ. ಮನೆಯಲ್ಲಿ ಕನ್ನಡದಲ್ಲಿ ಬೈಸಿಕೊಂಡು ಹೊರಟು, ಆಫೀಸಿನಲ್ಲಿ ತಮಿಳಿನಲ್ಲಿ ಬೈಸಿಕೊಂಡು, ಬಸ್ಸಿನ ಕಂಡಕ್ಟರ್ ಹತ್ತಿರ ಎರಡೂ ಭಾಷೆಯಲ್ಲಿ ಬೈಸಿಕೊಂಡು ಮನೆಗೆ ಬರುತ್ತಿದ್ದೆ. ಬಡ್ತಿಯ ವಿಷಯ ಬರೆಯುವುದಿಲ್ಲ. ಬಂದದ್ದು ಒಂದೇ, ಅದೂ ನಿವೃತ್ತಿಗೆ ಮುಂಚಿನ ವರ್ಷ, ಕುರ್ಚಿಗೆ ಒಂದು ದಿಂಬು ಹೆಚ್ಚಿಗೆ ಕೊಟ್ಟರು ಅಷ್ಟೆ.

ನನ್ನ ಕೆಲಸದಲ್ಲಿ ಒಂದು ವಿಚಿತ್ರವಾದ ಭಾಗವಿತ್ತು. ಚುನಾವಣೆಯಲ್ಲಿ ಯಾರು ಗೆಲ್ಲುತ್ತಾರೆ ಎಂದು ಟೀ ಅಂಗಡಿಯಲ್ಲಿ ಕೂತವರೆಲ್ಲ ಹೇಳುತ್ತಿದ್ದರು. ನಮ್ಮ ಪತ್ರಿಕೆಗೆ ಅದು ಬೇಕಿರಲಿಲ್ಲ. ಈಗ ಶಾಸಕರಾಗಿರುವವರಲ್ಲಿ ಎಷ್ಟು ಜನ ಈ ಸಲ ನಿಲ್ಲುವುದೇ ಇಲ್ಲ ಎಂಬುದು ಅದಕ್ಕೆ ಬೇಕಾಗಿತ್ತು. ನಾಮಪತ್ರ ಸಲ್ಲಿಸುವುದಕ್ಕೆ ಎರಡು ತಿಂಗಳ ಮುಂಚೆ ಒಂದು ಭಾನುವಾರ ಈ ಲೆಕ್ಕ ಅಚ್ಚಾಗಬೇಕು. ಇದು ನಮ್ಮ ಸೇಲಂ ಆಫೀಸಿನ ಮುಖ್ಯಸ್ಥರಾಗಿದ್ದ ಸೌಂದರರಾಜನ್ ಅವರು ಕಂಡುಹಿಡಿದದ್ದು. ನಶ್ಯದ ಡಬ್ಬಿಯನ್ನು ಮೇಜಿನ ಮೇಲೆ ಎರಡು ಸಲ ಕುಟ್ಟಿ, “ಎತ್ತನೆ ಪೇರು?” ಎನ್ನುತ್ತಿದ್ದರು. ಎಷ್ಟು ಜನ ಎಂದು. ಯಾಕೆ, ಏನು, ಯಾರು ಎಂದು ಹೇಳಲು ಹೋದರೆ ಕೈ ಅಡ್ಡ ಹಿಡಿಯುತ್ತಿದ್ದರು. ಹೆಸರು ಹಾಕಿದರೆ ಜಗಳ, ವಕೀಲರ ನೋಟಿಸು. ಸಂಖ್ಯೆಗೆ ಯಾರು ನೋಟಿಸು ಕೊಡುತ್ತಾರೆ? ಒಂದು ಸಲ ನಾನು “ಮೂರೂವರೆ” ಎಂದೆ. ಒಬ್ಬರು ನಿಲ್ಲುವುದೂ ಬಿಡುವುದೂ ಸಮ ಸಮ ಇತ್ತು. ಸೌಂದರರಾಜನ್ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಆ ಅರ್ಧ ಶಾಸಕ ವಿಧಾನಸಭೆಯಲ್ಲಿ ಎಲ್ಲಿ ಕೂರುತ್ತಾನಪ್ಪಾ?” ಎಂದು ತಮಿಳಿನಲ್ಲಿ ಕೇಳಿ, ಇಡೀ ಆಫೀಸು ನಗುವಂತೆ ಮಾಡಿದರು. ಮೂರು ಎಂದು ಹಾಕಿದೆವು. ಸರಿಯಾಯಿತು.

ಮೊದಮೊದಲು ನನಗೆ ಇದು ಬಹಳ ಸುಲಭ ಎನಿಸಿತ್ತು. ಹೋಗುವುದು, ಶಾಸಕರನ್ನೇ ಕೇಳುವುದು, ಬರೆದುಕೊಂಡು ಬರುವುದು. ಹೀಗೆ ನಾನು ಕೇಳಿದ ಮೊದಲನೆಯವರು ಕಾರಿಮಂಗಲಂ ಕಡೆಯ ಒಬ್ಬರು. ಅವರನ್ನು ಮೀಸೆಯವರು ಎಂದೇ ಕರೆಯೋಣ, ಅವರಿಗಿಂತ ಮುಂಚೆ ಅವರ ಮೀಸೆ ಬಾಗಿಲಿಗೆ ಬರುತ್ತಿತ್ತು. ನನಗೆ ಎಳನೀರು ಕುಡಿಸಿ, ಮನೆದೇವರ ಪಟದ ಮುಂದೆ ಕರೆದುಕೊಂಡು ಹೋಗಿ, ಕರ್ಪೂರ ಹಚ್ಚಿ ಅದರ ಮೇಲೆ ಕೈಯಿಟ್ಟರು.

“ಸಾಕಪ್ಪಾ ಸಾಕು. ಈ ಜಲ್ಮಕ್ಕೆ ಇಷ್ಟೇ ಸಾಕು. ಇನ್ ಮ್ಯಾಗೆ ನಾನುಂಟು, ನನ್ ಮಾವಿನ ತೋಪುಂಟು. ಬರ್ಕೋ” ಎಂದರು. ಕಣ್ಣಲ್ಲಿ ನೀರೂ ಬಂತು. ನನಗೂ ಬಂತು, ನಾನು ಆಗ ಹೊಸಬ.

ಬರೆದುಕೊಂಡೆ. ಅವರನ್ನು ಸೇರಿಸಿ ಲೆಕ್ಕ ಅಚ್ಚಾಯಿತು. ಎಂಟು ದಿನ ಕಳೆದು ಅದೇ ರಸ್ತೆಯಲ್ಲಿ ಬಸ್ಸಿನಲ್ಲಿ ಹೋಗುತ್ತಿದ್ದೇನೆ, ಸುಣ್ಣ ಬಳಿದ ಗೋಡೆಗಳ ಮೇಲೆ ಆಳೆತ್ತರದ ಅಕ್ಷರದಲ್ಲಿ ಅವರ ಹೆಸರು! ಇಳಿದು ಓಡಿದೆ. ಮೀಸೆಯವರು ಒಂದಿಷ್ಟೂ ಅಳುಕದೆ, “ನಾನು ಸೀಟು ಕೇಳಾಕಿಲ್ಲ ಅಂದಿದ್ದೆ ಕಣ್ಲಾ. ಅವರಾಗೇ ಕೊಟ್ರೆ ಬ್ಯಾಡ ಅಂತೀನಿ ಅಂದಿದ್ನಾ?” ಎಂದರು. ಕರ್ಪೂರದ ವಿಷಯ ಎತ್ತಿದೆ. “ಅದು ಆರಿ ಓಗಿತ್ತು” ಎಂದರು.

ಸೌಂದರರಾಜನ್ ಆ ವಾರ ನನ್ನನ್ನು ಹೆಸರು ಹಿಡಿದು ಕರೆಯಲಿಲ್ಲ, ‘ಕರ್ಪೂರಂ’ ಎಂದೇ ಕರೆದರು. ಆ ಅವಮಾನದಲ್ಲಿ ನಾನೊಂದು ಶಪಥ ಮಾಡಿದೆ. ಇನ್ನು ಮೇಲೆ ಶಾಸಕರ ವಿಷಯವನ್ನು ಶಾಸಕರಲ್ಲೇ ಕೇಳಬಾರದು. ಮನುಷ್ಯ ಬಾಯಿಂದ ಹೇಳುವುದೆಲ್ಲ ಸುಳ್ಳು, ಅವನ ಸುತ್ತಮುತ್ತ ಇರುವುದು ಮಾತ್ರ ನಿಜ. ಈ ಶಪಥವನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಮ್ಮ, ಮುಂದೆ ಇದೇ ನನ್ನ ಕಾಲಿಗೆ ತೊಡರಿಕೊಂಡಿತು.

ಅಲ್ಲಿಂದ ನನ್ನ ಪದ್ಧತಿಯೇ ಬೇರೆಯಾಯಿತು. ಒಂದು ಸ್ಕೂಲ್ ನೋಟ್‌ಬುಕ್ಕು, ಒಬ್ಬೊಬ್ಬ ಶಾಸಕರಿಗೆ ಎರಡೆರಡು ಪುಟ. ಅವರ ಬಾಯಿಂದ ಬಂದ ಒಂದು ಮಾತೂ ಅದರಲ್ಲಿ ಇರುವಂತಿಲ್ಲ. ಸಾವಿನ ಮನೆಗೆ ಹೋಗುತ್ತಾರೋ ಇಲ್ಲವೋ ನೋಡುತ್ತಿದ್ದೆ. ಮದುವೆಗೆ ಎಲ್ಲರೂ ಹೋಗುತ್ತಾರೆ, ಊಟವಿರುತ್ತದೆ. ಮುಂದೆ ವೋಟು ಬೇಕಾದವನು ಮಾತ್ರ ಗೊತ್ತಿಲ್ಲದ ಮುದುಕಿ ಸತ್ತರೂ ಹೋಗಿ, ಮೂರು ಗಂಟೆ ಬಿಸಿಲಲ್ಲಿ ನಿಂತು, ಹೆಗಲು ಕೊಟ್ಟು ಬರುತ್ತಾನೆ. ಹೆಗಲು ಕೊಡುವುದು ನಿಲ್ಲಿಸಿದ ಎಂದರೆ ಪುಟದ ಮೇಲೆ ಒಂದು ಗೀಟು. ಅರ್ಜಿ ಹಿಡಿದು ಬಂದವರಿಗೆ “ನಾಳೆ ಬಾ” ಎನ್ನುವವನು ನಿಲ್ಲುತ್ತಾನೆ. “ಕಲೆಕ್ಟರ್ ಆಫೀಸಿಗೆ ಹೋಗಿ ಕೊಡು” ಎಂದು ನಿಜವಾದ ದಾರಿ ತೋರಿಸಿದ ಎಂದರೆ ಅವನಿಗೆ ಮನಸ್ಸಿಲ್ಲ. ಇದನ್ನು ಕೇಳಿ ನಗಬೇಡ, ಹತ್ತಕ್ಕೆ ಒಂಬತ್ತು ಸರಿಬರುತ್ತಿತ್ತು.

ಕೊಳತ್ತೂರಿನ ಬಸ್ ಸ್ಟ್ಯಾಂಡಿನ ಹತ್ತಿರ ಮೀನು ಹುರಿಯುವ ಅಂಗಡಿಯಲ್ಲಿ ಮಾದಪ್ಪ ಎಂಬ ಡ್ರೈವರ್ ಸಿಗುತ್ತಿದ್ದ. ಒಬ್ಬ ಶಾಸಕರ ಜೀಪು ಓಡಿಸುತ್ತಿದ್ದವನು. ಅಣೆಕಟ್ಟೆಯ ಮೀನು ಮುಳ್ಳು ಬಿಡಿಸಿ ತಿನ್ನುತ್ತಾ ಅವನು ಹೇಳುತ್ತಿದ್ದ ಸಂಗತಿಗಳು ನನಗೆ ಯಾವ ರಾಜಧಾನಿಯ ಸುದ್ದಿಗಿಂತಲೂ ದೊಡ್ಡವು.

“ಏನ್ ಮಾದಪ್ಪಾ, ನಿಮ್ ಸಾರ್ ಎಂಗವ್ರೆ?”

“ಎಂಗವ್ರೆ ಅಂತೀರಿ? ಮುಂಚೆ ಊರು ಬತ್ತಿದ್ದಂಗೆ ಆರನ್ ಒಡಿ, ಆರನ್ ಒಡಿ ಅಂತ ಪ್ರಾಣ ತಿನ್ನೋರು. ಜನ ತಿರುಗಿ ನೋಡ್ಬೇಕಲ್ಲ. ಈಗ ಊರು ಬಂದ್ರೆ ಸಾಕು, ಮೆದುವಾ ಪೋ, ಸದ್ದು ಮಾಡ್ಬೇಡ ಅಂತಾರೆ, ಟವಲ್ ಮುಖದ್ ಮ್ಯಾಗೆ ಆಕ್ಕಂಡು ಕಣ್ ಮುಚ್ಚಿ ತೂಂಗ್ತಾರೆ. ಬೈಯೋದೂ ಬಿಟ್ಬುಟ್ಟವ್ರೆ ಸಾರ್. ನಂಗೇ ಒಂಥರಾ ಆಗ್ತೈತೆ.”

ನಾನು ಅಲ್ಲೇ ನೋಟ್‌ಬುಕ್ಕು ತೆಗೆದು ಗೀಟು ಹಾಕಿದೆ. ಆ ಶಾಸಕರು ಪೇಪರಿನವರಿಗೆಲ್ಲ ನಿಲ್ಲುತ್ತೇನೆ, ಗೆಲ್ಲುತ್ತೇನೆ ಎಂದು ಹೇಳಿಕೆ ಕೊಡುತ್ತಲೇ ಇದ್ದರು. ಕೊನೆಗೆ ನಾಮಪತ್ರದ ದಿನ ಮೈಗೆ ಹುಷಾರಿಲ್ಲ ಎಂದು ಮಲಗಿದರು. ಸೌಂದರರಾಜನ್ ನನಗೆ ಕಾಫಿ ತರಿಸಿಕೊಟ್ಟರು. ಹಾರ್ನ್ ಲೆಕ್ಕ ಎಂದು ಅದಕ್ಕೆ ಹೆಸರೂ ಇಟ್ಟರು. ನನಗೆ ತಲೆ ಸ್ವಲ್ಪ ದಪ್ಪಗಾಯಿತು ಎಂದೇ ಹೇಳಬೇಕು.

ತೊಂಬತ್ತರ ದಶಕದ ನಡುವಿನ ಚುನಾವಣೆಗೆ ಪದ್ಧತಿ ಬದಲಾಯಿತು. ಇನ್ನೊಂದು ಪತ್ರಿಕೆ ನಮ್ಮನ್ನು ನೋಡಿ ತಾನೂ ಇಂಥದೇ ಲೆಕ್ಕ ಹಾಕಲು ಶುರುಮಾಡಿತ್ತು. ಬರೀ ಸಂಖ್ಯೆ ಸಾಲದು, ಈ ಸಲ ಹೆಸರನ್ನೂ ಹಾಕೋಣ ಎಂದು ಮದ್ರಾಸಿನ ನಮ್ಮ ಹೆಡ್ಡಾಫೀಸು ತೀರ್ಮಾನಿಸಿತು. ಜೊತೆಗೆ ಅಚ್ಚು ಹಾಕಿಸಿದ ಫಾರ್ಮುಗಳು ಬಂದವು, ಒಬ್ಬೊಬ್ಬರಿಗೆ ಒಂದೊಂದು. ವಯಸ್ಸು, ಆರೋಗ್ಯ, ಪಕ್ಷದಲ್ಲಿ ಅವರ ಸ್ಥಿತಿ, ಕ್ಷೇತ್ರದಲ್ಲಿ ಹೆಸರು, ಹೀಗೆ ಕಾಲಂ ಮೇಲೆ ಕಾಲಂ. ಹಾರ್ನಿಗೆ ಕಾಲಂ ಇಲ್ಲ, ಹೆಗಲಿಗೆ ಕಾಲಂ ಇಲ್ಲ. ಎಲ್ಲಕ್ಕಿಂತ ಕೆಳಗೆ ಒಂದು ಪ್ರಶ್ನೆ: ‘ಶಾಸಕರನ್ನೇ ನೇರವಾಗಿ ಕೇಳಲಾಗಿದೆಯೇ? ಹೌದು, ಇಲ್ಲ.’ ಅದನ್ನು ಓದಿ ನಾನು ಜೋರಾಗಿ ನಕ್ಕೆ. ಮದ್ರಾಸಿನಲ್ಲಿ ಫ್ಯಾನಿನ ಕೆಳಗೆ ಕೂತವರಿಗೆ ಕರ್ಪೂರದ ಕಥೆ ಏನು ಗೊತ್ತು ಎಂದುಕೊಂಡೆ.

ಆ ಸಲ ನನ್ನ ನೋಟ್‌ಬುಕ್ಕಿನ ಪ್ರಕಾರ ಮೂವರು ನಿಲ್ಲುವುದಿಲ್ಲ ಎಂಬುದು ಖಚಿತವಾಗಿತ್ತು. ಸಂಶಯವಿದ್ದದ್ದು ಒಬ್ಬರ ಮೇಲೆ. ಅವರ ನಿಜವಾದ ಹೆಸರು ಬೇಡ, ಕ್ಷೇತ್ರವೂ ಬೇಡ. ಚಿನ್ನಣ್ಣ ಎನ್ನುತ್ತೇನೆ. ನಮ್ಮವರೇ, ಕನ್ನಡದವರು, ನೇಕಾರರು. ಎಡಪ್ಪಾಡಿಯಲ್ಲಿ ಬಸ್ಸು ಬದಲಾಯಿಸಿ ಮುಕ್ಕಾಲು ಗಂಟೆ ಹೋದರೆ ಅವರ ಊರಿನ ಸ್ಟಾಪು. ಇಳಿದ ಮೇಲೆ ಒಂದು ತೊರೆ ದಾಟಬೇಕು. ಬೇಸಿಗೆಯಲ್ಲಿ ಮರಳು, ಮಳೆಗಾಲದಲ್ಲಿ ಸೊಂಟದವರೆಗೆ ನೀರು. ಹೈಸ್ಕೂಲು ಸ್ಟಾಪಿನ ಕಡೆ, ಊರು ತೊರೆಯ ಆಚೆ. ಚಿನ್ನಣ್ಣ ಶಾಸಕರಾಗಿ ಐದು ವರ್ಷ ಆಫೀಸು ಆಫೀಸು ತಿರುಗಿ ಅಲ್ಲಿಗೊಂದು ಸೇತುವೆ ತಂದಿದ್ದರು. ತಂದಿದ್ದರು ಎಂದರೆ, ಆರು ಕಂಬ ಎದ್ದು ನಿಂತಿದ್ದವು. ಮೇಲೆ ಏನೂ ಇರಲಿಲ್ಲ. ಆ ಕಂಬಗಳ ಮೇಲೆ ಹಾಸುಗಲ್ಲು ಬೀಳಬೇಕಾದರೆ ಇನ್ನೊಂದು ಸಲ ಅವರೇ ಇರಬೇಕು, ಬೇರೆಯವರು ಬಂದರೆ ಫೈಲು ಮಲಗುತ್ತದೆ ಎಂದು ಊರಿಗೆಲ್ಲ ಗೊತ್ತಿತ್ತು. ನನಗೂ ಗೊತ್ತಿತ್ತು. ಆದರೆ ನೋಟ್‌ಬುಕ್ಕಿನಲ್ಲಿ ಅದಕ್ಕೂ ಜಾಗ ಕೊಟ್ಟಿರಲಿಲ್ಲ.

ಅವರ ಮನೆಯ ನಡುಮನೆಯಲ್ಲಿ ಗುಂಡಿಮಗ್ಗವಿತ್ತು. ನೆಲದಲ್ಲಿ ಗುಂಡಿ ತೋಡಿ, ಅದರಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವುದು. ಐದು ವರ್ಷದ ಹಿಂದೆ ಗೆದ್ದಾಗ ಚಿನ್ನಣ್ಣ ಆ ಗುಂಡಿಯ ಮೇಲೆ ಹಲಗೆ ಮುಚ್ಚಿಸಿ, ಹಲಗೆಯ ಮೇಲೆ ಬಂದವರು ಕೂರಲು ಒಂದು ಸೋಫಾ ಹಾಕಿಸಿದ್ದರು. ನಾನು ಎಷ್ಟೋ ಸಲ ಆ ಸೋಫಾದಲ್ಲಿ ಕೂತು ಕಾಫಿ ಕುಡಿದಿದ್ದೇನೆ. ಆ ದಿನ ಹೋದಾಗ ಸೋಫಾ ಜಗಲಿಗೆ ಬಂದಿತ್ತು. ಒಳಗೆ ಇಣುಕಿ ನೋಡಿದರೆ ಹಲಗೆ ಎದ್ದಿದೆ, ಗುಂಡಿ ಗುಡಿಸಿದೆ, ಮಗ್ಗಕ್ಕೆ ಹೊಸ ಹಾಸು ಹೂಡಿದೆ! ಕೆಂಪು ನೂಲು, ಗೇಣುದ್ದ ಆಗಲೇ ನೇಯ್ದಿದೆ.

ನಮ್ಮಪ್ಪ ಸೇಲಂನ ಗುಗೈಯಲ್ಲಿ ಮಗ್ಗದ ಮೇಲೇ ಜೀವ ಸವೆಸಿದವರು. ಉದ್ದಕ್ಕೆ ಎಳೆದ ಆ ಹಾಸಿನ ನೂಲು ಒಂದು ಸಲ ಮಗ್ಗ ಏರಿತು ಎಂದರೆ ಏಳೆಂಟು ಸೀರೆಯದ್ದು, ಒಂದೂವರೆ ಎರಡು ತಿಂಗಳ ಕೆಲಸ. ಮೊದಲ ಎಳೆ ಹಾಕಿದ ಕೈಯೇ ಅದನ್ನು ಮುಗಿಸಬೇಕು. ನಡುವೆ ಕತ್ತರಿಸುವಂತಿಲ್ಲ, ಇನ್ನೊಬ್ಬರ ಕೈಗೆ ಕೊಡುವಂತಿಲ್ಲ. ನಮ್ಮ ಬೀದಿಗಳಲ್ಲಿ ಇದು ಮಾತಾಡದೇ ನಡೆದುಕೊಂಡು ಬಂದ ಕಟ್ಟಳೆ. ಚುನಾವಣೆಗೆ ಓಡಾಡಬೇಕಾದವನು ಎರಡು ತಿಂಗಳ ಹಾಸು ಹೂಡಿಕೊಂಡು ಗುಂಡಿಯಲ್ಲಿ ಕೂರುತ್ತಾನೆಯೇ? ತಮಿಳು ಪತ್ರಿಕೆಯ ಬೇರೆ ಯಾವ ವರದಿಗಾರನೂ ಇದನ್ನು ಓದಲಾರ, ನಾನು ಓದಿಬಿಟ್ಟೆ ಎಂಬ ಜಂಬ ನನಗೆ ತಡೆಯಲಾಗಲಿಲ್ಲ.

ಮನೆಯಲ್ಲಿ ಅವರ ಹೆಂಡತಿ ಚೌಡಮ್ಮ ಒಬ್ಬರೇ ಇದ್ದರು. “ಯಾರಕ್ಕಾ ನೇಯ್ತಿರೋದು?” ಎಂದೆ.

“ಇನ್ಯಾರು? ಅವ್ರೇ. ಬೆಳಿಗ್ಗೆ, ರಾತ್ರಿ, ಬಿಡುವಾದಾಗೆಲ್ಲ ಕೂರ್ತಾರೆ. ಕೈ ಓಗೈತೆ, ಎಳೆ ಎಳೆಗೂ ನೂಲು ಕಿತ್ಕತ್ತಾರೆ” ಎಂದು ನಕ್ಕರು. “ಕೂತ್ಕಳಪ್ಪ, ಅನ್ನೊಂದು ಗಂಟೆಗೆ ಬತ್ತಾರೆ. ಏನ್ ಕೇಳ್ಬೇಕೋ ಅವ್ರನ್ನೇ ಕೇಳು.”

ಹನ್ನೊಂದಕ್ಕೆ ಇನ್ನೂ ಒಂದೂವರೆ ಗಂಟೆ ಇತ್ತು. ನನ್ನ ಬಸ್ಸು ಒಂಬತ್ತೂ ಮುಕ್ಕಾಲಿಗೆ. “ಇಲ್ಲಕ್ಕಾ, ಅವಸರ ಐತೆ, ಇನ್ನೊಂದಿನ ಬತ್ತೀನಿ” ಎಂದು ಕಾಫಿ ಸುರಿದುಕೊಂಡು ಹೊರಟೆ. ಕೇಳಿ ಏನು ಪ್ರಯೋಜನ, ಕೇಳಿದರೆ ಕರ್ಪೂರ ಹಚ್ಚುತ್ತಾರೆ ಅಷ್ಟೆ ಎಂದು ನನಗೆ ನಾನೇ ಹೇಳಿಕೊಂಡೆ. ಬಸ್ಸಿನಲ್ಲೇ ಫಾರ್ಮು ತುಂಬಿದೆ. ‘ಇತರೆ’ ಎಂಬ ಕಡೆ ಮಗ್ಗದ ವಿಷಯ ಬರೆದೆ. ಕೊನೆಯ ಪ್ರಶ್ನೆ ಬಂತು. ಶಾಸಕರನ್ನೇ ನೇರವಾಗಿ ಕೇಳಲಾಗಿದೆಯೇ? ಒಂದು ಕ್ಷಣ ಪೆನ್ನು ನಿಂತಿತು. ‘ಹೌದು’ ಎಂಬುದರ ಮೇಲೆ ಗುರುತು ಹಾಕಿದೆ. ಬಸ್ಸಿನ ಕುಲುಕಾಟಕ್ಕೆ ಗುರುತು ಸೊಟ್ಟಗಾಯಿತು, ಮತ್ತೆ ಅದರ ಮೇಲೇ ತಿದ್ದಿದೆ. ನನ್ನ ಮೂವತ್ತು ವರ್ಷದ ಕೆಲಸದಲ್ಲಿ ನಾನು ಗೊತ್ತಿದ್ದೂ ಬರೆದ ಸುಳ್ಳು ಅದೊಂದೇ.

ಭಾನುವಾರ ಪತ್ರಿಕೆ ಬಂತು. ‘ಸೇಲಂ, ಧರ್ಮಪುರಿಯಲ್ಲಿ ನಾಲ್ವರು ಮತ್ತೆ ನಿಲ್ಲುವುದಿಲ್ಲ’. ಕೆಳಗೆ ನಾಲ್ಕು ಹೆಸರು, ನಾಲ್ಕನೆಯದು ಚಿನ್ನಣ್ಣನದು. ‘ಕುಲಕಸುಬಿಗೆ ಮರಳಿದ ಶಾಸಕ’ ಎಂದು ಅವರಿಗೆ ಒಂದು ಪುಟ್ಟ ಬಾಕ್ಸು ಬೇರೆ. ಓದಿ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಸೋಮವಾರ ಬೆಳಿಗ್ಗೆ ಆಫೀಸಿನ ಮೆಟ್ಟಿಲ ಮೇಲೆ ಚಿನ್ನಣ್ಣ ಕೂತಿದ್ದರು. ಕಾರಿಲ್ಲ, ಜೊತೆಗೆ ಯಾರೂ ಇಲ್ಲ, ಬಸ್ಸಿನಲ್ಲಿ ಬಂದಿದ್ದರು. ಉಟ್ಟಿದ್ದ ಬಿಳಿ ವೇಷ್ಟಿಯ ಅಂಚಿಗೆ ತೊರೆಯ ಮರಳು ಮೆತ್ತಿತ್ತು. ಕೈಯಲ್ಲಿ ಸುರುಳಿ ಸುತ್ತಿದ ನಮ್ಮ ಪತ್ರಿಕೆ.

“ಯಾರ್ಲಾ ಏಳಿದ್ದು ನಿಂಗೆ, ನಾನು ನಿಲ್ಲಾಕಿಲ್ಲ ಅಂತ?”

“ಮಗ್ಗ ನೋಡ್ದೆ ಅಣ್ಣಾ. ಹಾಸು ಹೂಡಿದ್ರಲ್ಲ...”

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ನಗಲು ಶುರುಮಾಡಿದರು. ಅಂಥ ನಗುವನ್ನು ನಾನು ಮತ್ತೆ ಯಾರಲ್ಲೂ ಕಂಡಿಲ್ಲ, ಅದಕ್ಕಿಂತ ಎರಡೇಟು ಹಾಕಿದ್ದರೆ ಚೆನ್ನಾಗಿತ್ತು.

“ಲೇ ನೇಕಾರನ್ ಮಗನೇ! ಆಸು ಎಷ್ಟುದ್ದ ಐತೆ ಅಂತ ನೋಡಿದ್ಯೇನ್ಲಾ? ಒಂದೇ ಸೀರೇದು ಕಣ್ಲಾ ಅದು! ಮಗಳ ಕಲ್ಯಾಣ ಗೊತ್ತಾಗೈತೆ. ಮುಗೂರ್ತದ ಸೀರೆ ನನ್ ಕೈಯಾಗೇ ನೇಯ್ಬೇಕು ಅಂತ ಆಸೆ. ಎಂಟ್ ದಿನದ ಕೆಲ್ಸ. ಈ ವಾರದಾಗೆ ಮುಗಿತೈತೆ, ಆಮೇಲೆ ಅಲಗೆ ಮುಚ್ಚಿ ಸೋಫಾ ಆಕ್ತೀನಿ. ನಾನು ನಿಲ್ದೆ ಇದ್ರೆ ಆ ಆರು ಕಂಬ ಯಾರು ನೋಡ್ತಾರೆ? ನಿಮ್ ಸೌಂದರರಾಜನ್ನಾ?”

ಒಂದೇ ಸೀರೆಗೆ ಹಾಸು ಹೂಡುವವರನ್ನು ನಾನು ಕೇಳಿಯೇ ಇರಲಿಲ್ಲ. ಅಷ್ಟು ತಾಪತ್ರಯವನ್ನು ಒಂದು ಸೀರೆಗಾಗಿ ಯಾವ ನೇಕಾರನೂ ಪಡುವುದಿಲ್ಲ. ಮಗಳ ಮೇಲೆ ಪ್ರಾಣವಿಟ್ಟುಕೊಂಡ, ಮಗ್ಗ ಬಿಟ್ಟು ಐದು ವರ್ಷವಾದ, ಶಾಸಕನಾದ ಅಪ್ಪ ಮಾತ್ರ ಪಡುತ್ತಾನೆ. ಜಗಲಿಯ ಸೋಫಾದಲ್ಲಿ ಒಂದೂವರೆ ಗಂಟೆ ಕೂತಿದ್ದರೆ ಇದೆಲ್ಲ ನನಗೆ ತಿಳಿಯುತ್ತಿತ್ತು.

ಅವರನ್ನು ಕರೆದುಕೊಂಡು ಸೌಂದರರಾಜನ್ ಹತ್ತಿರ ಹೋದೆ. ನಾನು ಕೇಳಿರಲಿಲ್ಲ, ಸುಳ್ಳು ಗುರುತು ಹಾಕಿದೆ ಎಂದು ಅವರ ಮುಂದೆಯೇ ಒಪ್ಪಿಕೊಂಡೆ. ಸೌಂದರರಾಜನ್ ನಶ್ಯದ ಡಬ್ಬಿ ಕುಟ್ಟಲಿಲ್ಲ. ಕೆಟ್ಟ ಮನುಷ್ಯರಲ್ಲ ಅವರು. ಆದರೆ ಅವರಿಗೂ ಮೇಲಿನವರಿದ್ದರು. “ಇವತ್ತು ನಾಲ್ಕು ಅಂದವನು ನಾಳೆ ಮೂರು ಅಂದರೆ ನಾಡಿದ್ದು ನಮ್ಮನ್ನು ಯಾರಪ್ಪಾ ನಂಬುತ್ತಾರೆ?” ಎಂದು ಹಣೆ ಉಜ್ಜಿಕೊಂಡರು. ಮದ್ರಾಸಿಗೆ ಫೋನಿನ ಮೇಲೆ ಫೋನು ಮಾಡಿದರು. ಕೊನೆಗೆ ಬುಧವಾರ ಒಳಪುಟದಲ್ಲಿ, ಬನಿಯನ್ ಜಾಹೀರಾತಿನ ಕೆಳಗೆ, ‘ನಾನು ಸ್ಪರ್ಧಿಸುತ್ತೇನೆ: ಶಾಸಕರ ಸ್ಪಷ್ಟನೆ’ ಎಂದು ನಾಲ್ಕು ಸಾಲು ಬಂತು.

ಆ ನಾಲ್ಕು ಸಾಲು ಯಾರ ಕಣ್ಣಿಗೂ ಬೀಳಲಿಲ್ಲ. ಭಾನುವಾರದ ಬಾಕ್ಸು ಮಾತ್ರ ಎಲ್ಲರ ಕಣ್ಣಿಗೂ ಬಿದ್ದಿತ್ತು. ಅವರ ಪಕ್ಷದಲ್ಲೇ ಆ ಸೀಟಿನ ಮೇಲೆ ಕಣ್ಣಿಟ್ಟಿದ್ದವರೊಬ್ಬರು ಅದನ್ನು ಕತ್ತರಿಸಿಕೊಂಡು ಮದ್ರಾಸಿಗೆ ಹೋಗಿ ದೊಡ್ಡವರ ಮೇಜಿನ ಮೇಲಿಟ್ಟರಂತೆ. ಚಿನ್ನಣ್ಣನಿಗೇ ಇಷ್ಟವಿಲ್ಲವಂತೆ, ಪಾಪ, ಮಗ್ಗ ಹಿಡಿದಿದ್ದಾರಂತೆ ಎಂದರಂತೆ. ಚಿನ್ನಣ್ಣ ಹಿಂದೆಯೇ ಹೋದರು. ಮೂರು ದಿನ ಬಾಗಿಲಲ್ಲಿ ಕೂತರು. ಒಳಗೆ ಕರೆದಾಗ, “ಪರವಾಯಿಲ್ಲೆ, ರೆಸ್ಟ್ ತಗೊಳ್ಳಿ, ನೀವು ದುಡಿದದ್ದು ಸಾಕು” ಎಂದು ಅವರಿಗೇ ಸಮಾಧಾನ ಹೇಳಿ ಕಳಿಸಿದರಂತೆ. ಸೀಟು ಇನ್ನೊಬ್ಬರಿಗೆ ಹೋಯಿತು.

ನಾಮಪತ್ರ ಸಲ್ಲಿಸುವ ದಿನ ಮುಗಿದಾಗ ನೋಡಿದರೆ, ನಮ್ಮ ಎರಡು ಜಿಲ್ಲೆಯಲ್ಲಿ ಮತ್ತೆ ನಿಲ್ಲದ ಶಾಸಕರು ನಾಲ್ಕೇ ನಾಲ್ಕು ಜನ. ನಾಲ್ಕು ಹೆಸರೂ ಸರಿ. ಬೇರೆ ಯಾವ ಪತ್ರಿಕೆಗೂ ಅಷ್ಟು ಸರಿಯಾಗಿ ಹೇಳಲಾಗಿರಲಿಲ್ಲ. ಹೆಡ್ಡಾಫೀಸಿನಿಂದ ನನಗೆ ಅಭಿನಂದನೆಯ ಕಾಗದ ಬಂತು. ಆಫೀಸಿನಲ್ಲಿ ನನ್ನ ಹೆಗಲಿಗೆ ಜರಿಯ ಶಾಲು ಹೊದಿಸಿ ಮೈಸೂರುಪಾಕು ಹಂಚಿದರು. ಸೌಂದರರಾಜನ್ ಒಬ್ಬರೇ ಪಾಕು ಮುಟ್ಟಲಿಲ್ಲ. ನಾನೂ ಮುಟ್ಟಲಿಲ್ಲ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಮಗಳ ಮದುವೆಗೆ ಚಿನ್ನಣ್ಣ ಕಾಗದ ಕಳಿಸಿದರು. ಲಗ್ನಪತ್ರಿಕೆಯ ಅಂಚಿನಲ್ಲಿ ತಮಿಳಿನಲ್ಲಿ ಸ್ವಂತ ಕೈಯಿಂದ ಬರೆದಿದ್ದರು: ‘ಬರುವುದಿಲ್ಲ ಎಂದು ನೀನೇ ಲೆಕ್ಕ ಹಾಕಿಕೊಂಡು ಕೂರಬೇಡ. ಬಾ.’ ನಾನು ಹೋಗಲಿಲ್ಲ. ಧೈರ್ಯ ಬರಲಿಲ್ಲ, ಅಷ್ಟೆ. ಮನೆಯಲ್ಲಿ ಜ್ವರ ಎಂದು ಹೇಳಿ ಮಲಗಿದೆ. ನಾಮಪತ್ರದ ದಿನ ಮಲಗಿದ ಆ ಕೊಳತ್ತೂರಿನ ಶಾಸಕರ ನೆನಪು ಬಂದು ನನ್ನ ಮೇಲೆ ನನಗೇ ಅಸಹ್ಯವಾಯಿತು.

ದೀಪಾವಳಿ ಬರುವ ಐಪ್ಪಸಿ ತಿಂಗಳಲ್ಲಿ ಮಳೆ ಹಿಡಿಯಿತು. ಒಂದು ಬೆಳಿಗ್ಗೆ ಯಾರಿಗೂ ಹೇಳದೆ ಬಸ್ಸು ಹತ್ತಿದೆ. ಸ್ಟಾಪಿನಲ್ಲಿ ಇಳಿದಾಗ ತೊರೆಯಲ್ಲಿ ಮೊಣಕಾಲುದ್ದ ಕೆಂಪು ನೀರು. ಆರು ಕಂಬಗಳು ಹಾಗೇ ನಿಂತಿದ್ದವು, ಹೊಸ ಶಾಸಕರಿಗೆ ಆ ಕಡೆ ತಿರುಗಲು ಪುರುಸೊತ್ತಾಗಿರಲಿಲ್ಲ. ಆ ಸೇತುವೆ ಪೂರ್ತಿಯಾಗುವ ಹೊತ್ತಿಗೆ ನನಗೆ ಪೆನ್ಷನ್ ಬರುತ್ತಿತ್ತು. ಹೈಸ್ಕೂಲಿನ ಹೆಣ್ಣುಮಕ್ಕಳು ಪುಸ್ತಕದ ಚೀಲ ತಲೆಯ ಮೇಲಿಟ್ಟುಕೊಂಡು, ಒಬ್ಬರ ಕೈ ಒಬ್ಬರು ಹಿಡಿದು ದಾಟುತ್ತಿದ್ದರು. ನಾನೂ ವೇಷ್ಟಿ ಎತ್ತಿ ಕಟ್ಟಿ, ಚಪ್ಪಲಿ ಕೈಯಲ್ಲಿ ಹಿಡಿದು ನೀರಿಗಿಳಿದೆ.

ಬೀದಿಗೇ ಮಗ್ಗದ ಸದ್ದು ಕೇಳುತ್ತಿತ್ತು. ಸೋಫಾ ಜಗಲಿಯಲ್ಲೇ ಇತ್ತು, ಅದರ ಮೇಲೆ ನೂಲಿನ ಲಡಿಗಳನ್ನು ಒಟ್ಟಿದ್ದರು. ಚೌಡಮ್ಮ ನನ್ನನ್ನು ಕಂಡು ಒಳಗೆ ದಾರಿ ಬಿಟ್ಟರು. ಚಿನ್ನಣ್ಣ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. ನೀಲಿ ಹಾಸು. ಅವರು ನೇಯುವುದನ್ನು ನಿಲ್ಲಿಸಲಿಲ್ಲ.

“ಬಾರ್ಲಾ ಜೋಯಿಸ. ಏನ್ ಬರ್ಕಳಾಕ್ ಬಂದೆ?”

ಬಾಗಿಲಿಗೆ ಒರಗಿ ನಿಂತೆ, ವೇಷ್ಟಿಯಿಂದ ನೀರು ಸೋರುತ್ತಿತ್ತು.

“ಆವತ್ತು ನೋಡ್ಕಂಡು ಒಂಟೋದೆ. ಇವತ್ತಾದ್ರೂ ಕೇಳು” ಎಂದರು. “ಕೇಳ್ಲಾ, ಆಸು ಎಷ್ಟುದ್ದ ಅಂತ.”

“ಹಾಸು ಎಷ್ಟುದ್ದ ಅಣ್ಣಾ?”

“ಎಂಟು ಸೀರೇದು. ಮುಗಿದ್ ಮ್ಯಾಗೆ ಇನ್ನೆಂಟು.”

ನಾನು ಜೇಬಿನಿಂದ ನೋಟ್‌ಬುಕ್ಕು ತೆಗೆದೆ. ಅರ್ಧ ನೆನೆದಿತ್ತು. ಆ ಚುನಾವಣೆಯ ಪುಟ ತಿರುಗಿಸಿ, ಕೊನೆಯಲ್ಲಿ ದಪ್ಪಗೆ ಬರೆದಿದ್ದ ನಾಲ್ಕನ್ನು ಹೊಡೆದು ಹಾಕಿ, ಪಕ್ಕದಲ್ಲಿ ಮೂರು ಎಂದು ಬರೆದು ಅವರ ಮುಂದೆ ಹಿಡಿದೆ. ಅವರ ಕಣ್ಣಿಗೆ ಕನ್ನಡಕವಿರಲಿಲ್ಲ. “ಏನಂತೆ?” ಎಂದು ಹೆಂಡತಿಯನ್ನು ಕೇಳಿದರು. ಚೌಡಮ್ಮ ಬಗ್ಗಿ ನೋಡಿ, “ಮೂರು ಅಂತ ಬರೆದವ್ನೆ” ಎಂದರು.

“ಮೂರಾ? ನಾಕು ಜನ ಅಲ್ವೇನ್ಲಾ ನಿಲ್ದೆ ಇದ್ದೋರು? ಮತ್ತೆ ನಾನು?”

“ನಿಲ್ಲಲ್ಲ ಅಂದವರು ಮೂರೇ ಜನ ಅಣ್ಣಾ. ನಿಮ್ಮನ್ನ ನಿಲ್ಲದಂಗೆ ಮಾಡಿದ್ದು ನಾನು.”

ಮಗ್ಗ ನಿಂತಿತು. ಅವರು ಆ ನೀಲಿ ನೂಲಿನ ಮೇಲೆ ಅಂಗೈ ಆಡಿಸಿದರು. ನಾನು ಅತ್ತೆನೋ ಇಲ್ಲವೋ ನನಗೇ ಗೊತ್ತಾಗಲಿಲ್ಲ, ಮುಖವೆಲ್ಲ ಮಳೆಯ ನೀರಾಗಿತ್ತು. ಹೊರಗೆ ಮತ್ತೆ ಹನಿ ದಪ್ಪವಾಗುವುದು ಹೆಂಚಿನ ಮೇಲೆ ಕೇಳಿಸಿತು. ಚಿನ್ನಣ್ಣ ತಲೆಯೆತ್ತಿ ಬಾಗಿಲ ಕಡೆ ನೋಡಿದರು.

“ಇವ್ನಿಗೆ ಬೇಗ ಅನ್ನ ಇಕ್ಕು” ಎಂದರು ಹೆಂಡತಿಗೆ. “ತೊರೆ ಏರೋದ್ರೊಳಗೆ ದಾಟ್ಬೇಕು ಅವ್ನು.”